ಎಣ್ಣೆ ಹಚ್ಚಿಕೊಂಡು ಹಿಮಾಚಲ ಹತ್ತಿದ್ದು

ಬಿಸಿನೀರಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದೇ ನಾನು ನಂಬಿದ್ದೆ. ದೀಪಾವಳಿಯ ನಸುಕಿನಲ್ಲಿ, ಬೀದರಿನ ಆ ಚಳಿಯಲ್ಲಿ, ಅವ್ವ ಮೈತುಂಬ ಎಣ್ಣೆ ತಿಕ್ಕಿ, ಹಂಡೆಯ ನೀರು ಸುರಿದು, ಎಷ್ಟು ಕೂಗಿದರೂ ಬಿಡದೆ ತೊಳೆದು ತೆಗೆದ ಮೈ ಇದು.

ಹೀಗಾಗಿ ನನ್ನ ಬಲಗಾಲಿನ ಮೊಣಕಾಲು ಮುಷ್ಕರ ಹೂಡಿದಾಗ, ಡಾಕ್ಟರು 'ಆಪರೇಷನ್' ಎಂದಾಗ, ನಾನು ನಕ್ಕೆ. ಹಿಮಾಚಲದ ಒಂದು ರಾಷ್ಟ್ರೀಯ ಉದ್ಯಾನದಲ್ಲಿ, ಗುಡ್ಡದ ಮೇಲೆ, ನೆಲದೊಳಗಿಂದಲೇ ಬಿಸಿನೀರು ಉಕ್ಕುತ್ತದೆ, ಅದರಲ್ಲಿ ಕೂತರೆ ಕೀಲುನೋವು ಮಾಯ ಎಂದು ಮೊಬೈಲಿನಲ್ಲಿ ಯಾರೋ ಹೇಳಿದ್ದರು. ಮೊಬೈಲಿನಲ್ಲಿ ಹೇಳಿದ ಮೇಲೆ ಸುಳ್ಳಿರುತ್ತದೆಯೇ? ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ನನ್ನದೊಂದು ತೊಗರಿ ದಲಾಲಿಯ ಅಡತ್ ಅಂಗಡಿ ಇದೆ. ಅಲ್ಲಿ ಹಮಾಲರಿಂದ ಹಿಡಿದು ಲಾರಿ ಡ್ರೈವರುಗಳವರೆಗೆ ಎಲ್ಲರಿಗೂ ಘೋಷಿಸಿಬಿಟ್ಟೆ: ಕುಂಟುತ್ತ ಹೋಗುವವನು ಓಡುತ್ತ ಬರುತ್ತೇನೆ!

ಹೆಂಡತಿ ಸುರೇಖಾಗೆ ಮಾತ್ರ ವಿಶ್ವಾಸವಿರಲಿಲ್ಲ. "ಮನ್ಯಾಗಿನ ಮೆಟ್ಟಲಾ ಏರ್ಲಿಕ್ಕೆ ಆಗವಲ್ದು ನಿಮಗ. ಗುಡ್ಡಾ ಹ್ಯಾಂಗ ಏರ್ತೀರಿ?"

"ಏರೂದಷ್ಟ ತ್ರಾಸು. ಇಳಿಯೂಮುಂದ ನೋಡು, ನಿನ್ನ ಕೈಗೆ ಸಿಗಂಗಿಲ್ಲ ನಾನು!"

ಗುಡ್ಡದ ಬುಡದ ಹಳ್ಳಿಯಲ್ಲಿ ರಾತ್ರಿ ಉಳಿದೆವು. ಬೆಳಿಗ್ಗೆ ನನ್ನ ಬುದ್ಧಿ ಚುರುಕಾಯಿತು. ಬರಿಯ ಮೈಗೆ ಬಿಸಿನೀರು ಹಾಕಿಕೊಳ್ಳುವುದು ಯಾವ ಶಾಸ್ತ್ರ? ಮೊದಲು ಎಣ್ಣೆ, ಆಮೇಲೆ ನೀರು. ಅದೂ ಎಣ್ಣೆ ಕೀಲಿನೊಳಗೆ ಇಳಿಯಲು ಸ್ವಲ್ಪ ಹೊತ್ತು ಬೇಕು. ಇಲ್ಲೇ ಹಚ್ಚಿಕೊಂಡರೆ ಗುಡ್ಡ ಹತ್ತುವಷ್ಟರಲ್ಲಿ ಇಳಿದಿರುತ್ತದೆ! ಚೀಲದಿಂದ ಕೊಬ್ಬರಿ ಎಣ್ಣೆಯ ಡಬ್ಬಿ ತೆಗೆದೆ. ಚಳಿಗೆ ಅದು ಕಲ್ಲಾಗಿತ್ತು. ಚಹಾದವನ ಒಲೆಯ ಹತ್ತಿರ ಹಿಡಿದು ಕರಗಿಸಿ, ಉಗುರಿನಿಂದ ನೆತ್ತಿಯವರೆಗೆ ಬಳಿದುಕೊಂಡೆ. ಬಟ್ಟೆ ಹಾಳಾಗಬಾರದಲ್ಲ, ಹಳೆಯ ಧೋತರ ಸುತ್ತಿ, ಮೇಲೊಂದು ಶಾಲು ಹೊದ್ದೆ.

"ಅಯ್ಯ, ಇದೇನ ಅವತಾರರಿ! ಮಂದಿ ಏನಂದಾರು?" ಸುರೇಖಾ ಸುತ್ತಲೂ ನೋಡಿದಳು.

"ನಿನಗೂ ಹಚ್ಚಲೇನು?"

"ಏನೂ ಬ್ಯಾಡ. ನೀವು ನನ್ನ ಹಿಂದ ಬರ್ರಿ. ಜರಾ ದೂರ ಇರ್ರಿ."

ಮೊದಲ ತಿರುವಿನಲ್ಲಿ ಗಾಳಿ ಬೀಸಿತು. ಕಾಲಿಗೆ ಬಳಿದಿದ್ದ ಎಣ್ಣೆ ಮತ್ತೆ ಗಟ್ಟಿಯಾಗತೊಡಗಿತು. ಎದುರಿನಿಂದ ಹೇರು ಹೊತ್ತ ಖಚ್ಚರಗಳ, ಅಂದರೆ ಹೇಸರಗತ್ತೆಗಳ, ಸಾಲು ಬಂದು ಧೂಳೆಬ್ಬಿಸಿತು. ಆ ಗುಡ್ಡದ ಧೂಳಿಗೆ ಇಳಿಯಲು ನನ್ನಷ್ಟು ಒಳ್ಳೆಯ ಜಾಗ ಬೇರೆ ಸಿಕ್ಕಿರಲಿಕ್ಕಿಲ್ಲ! ಅರ್ಧ ದಾರಿಗೆ ನಾನು ಬೂದುಬಣ್ಣಕ್ಕೆ ತಿರುಗಿದ್ದೆ. ಮೊಣಕಾಲು ಹೆಜ್ಜೆಹೆಜ್ಜೆಗೂ ನನ್ನ ವಂಶವನ್ನು ಬಯ್ಯುತ್ತಿತ್ತು. ಆದರೂ ಹತ್ತಿದೆ. ಮೇಲೆ ಬಿಸಿನೀರು ಕಾಯುತ್ತಿತ್ತಲ್ಲ!

ಮೇಲೆ ಕಾಯುತ್ತಿದ್ದದ್ದು ಕಾವಲುಗಾರ. ಬಿಸಿನೀರಿನ ಕುಂಡದ ಮುಂದೆ ನಿಂತಿದ್ದ ಅವನು ನನ್ನನ್ನು ತಡೆದು, ಮೂಗು ಅರಳಿಸಿ ಮೂಸಿ ನೋಡಿದ. ಹಿಂದಿಯಲ್ಲಿ ಅವನು ಹೇಳಿದ್ದರ ಸಾರಾಂಶ ಇಷ್ಟು: ಇದು ರಾಷ್ಟ್ರೀಯ ಉದ್ಯಾನ. ಕುಂಡದಲ್ಲಿ ಎಣ್ಣೆ, ಸಾಬೂನು ನಿಷಿದ್ಧ.

ನಾನು ನಮ್ಮ ಬೀದರಿನ ದಖನಿ ಉರ್ದುವಿನಲ್ಲಿ ಅಭ್ಯಂಜನದ ಮಹತ್ವ ವಿವರಿಸಿದೆ. ಅವನು ಶಾಂತವಾಗಿ ಕೇಳಿದ. ಆಮೇಲೆ ಫಲಕ ತೋರಿಸಿದ.

"ಹಾಗಾದರೆ ಪಕ್ಕದಲ್ಲಿ ಹರಿಯುವ ಈ ಹಳ್ಳದಲ್ಲಿ ತೊಳೆದುಕೊಳ್ಳಲೇ?"

"ಹಳ್ಳವೂ ಉದ್ಯಾನದ್ದೇ. ಕೆಳಗೆ ಹಳ್ಳಿಗೆ ಹೋಗಿ, ಬಿಸಿನೀರಿನಲ್ಲಿ ಚೆನ್ನಾಗಿ ಸ್ನಾನ ಮಾಡಿ ಬನ್ನಿ."

ಬಿಸಿನೀರಿನ ಸ್ನಾನಕ್ಕೆ ಬರಬೇಕಾದರೆ ಬಿಸಿನೀರಿನ ಸ್ನಾನ ಮಾಡಿ ಬರಬೇಕು! ಈ ಮೊಣಕಾಲಿನಲ್ಲಿ ಇಳಿದು ಮತ್ತೆ ಹತ್ತುವುದೆಂದರೆ ಈ ಜನ್ಮದಲ್ಲಿ ಆಗುವ ಮಾತಲ್ಲ. ನಿಜ ಹೇಳುತ್ತೇನೆ, ನನಗೆ ಅಳು ಬಂತು.

ಸುರೇಖಾ ನನ್ನ ಮುಖ ನೋಡಿದಳು. ಕನಿಕರಪಟ್ಟು ವಾಪಸು ಹೋಗೋಣ ಎನ್ನುತ್ತಾಳೆ ಎಂದುಕೊಂಡೆ.

"ಇಷ್ಟ ದೂರ ಬಂದೇವಿ, ಒಬ್ಬರಾದ್ರೂ ಕುಂದ್ರೂದು ಬ್ಯಾಡೇನ್ರಿ?" ಎಂದವಳೇ ಚಪ್ಪಲಿ, ಚೀಲ, ಮೊಬೈಲು ನನ್ನ ಮುಂದಿಟ್ಟು ಹೆಂಗಸರ ಕುಂಡಕ್ಕೆ ಹೋಗಿಯೇಬಿಟ್ಟಳು.

ನಾನು ಬಂಡೆಯ ಮೇಲೆ ಕೂತೆ. ಚಳಿಗೆ ಕಾಲು ಮಡಿಸಿ, ಶಾಲು ಹೊದ್ದು, ಕಣ್ಣು ಮುಚ್ಚಿದೆ. ಹೆಂಗಸರ ಕುಂಡದ ಗೋಡೆಯಾಚೆಯಿಂದ "ಆಹಾಹಾ! ಏನ್ ಛಂದ ನೀರ!" ಎಂದು ನನ್ನ ಹೆಂಡತಿಯ ದನಿ ಕೇಳುತ್ತಿತ್ತು. ಕಣ್ಣು ತೆರೆದರೆ ಲಾತೂರ ಕಡೆಯ ಅಜ್ಜಿಯೊಬ್ಬರು ಎದುರಿಗೆ ಕೈಮುಗಿದು ನಿಂತಿದ್ದರು. ಬೂದಿ ಬಳಿದ ಮೈ, ಧೋತರ, ಬಂಡೆ. ಅವರದ್ದೇನು ತಪ್ಪು?

ಮರಾಠಿಯಲ್ಲಿ ಕೇಳಿದರು: "ಬಾಬಾ, ಮೊಣಕಾಲು ಬಹಳ ನೋಯುತ್ತದೆ. ವಾಸಿಯಾಗುತ್ತದೆಯೇ?"

ಏನು ಹೇಳಲಿ! "ನೀರಿಗೆ ಇಳಿಯಿರಿ ತಾಯಿ, ವಾಸಿಯಾಗುತ್ತದೆ" ಎಂದೆ. ನನ್ನ ಮುಂದೆ ಒಂದು ಬಾಳೆಹಣ್ಣು ಇಟ್ಟು ಹೋದರು. ಹಸಿವಾಗಿತ್ತು, ತಿಂದೆ.

ಹೊರಬಂದ ಸುರೇಖಾಳ ಮುಖ ಕೆಂಪಗೆ ಹೊಳೆಯುತ್ತಿತ್ತು. ಹಿಂದೆಯೇ ಬಂದ ಆ ಅಜ್ಜಿ ನನಗೆ ಮತ್ತೊಮ್ಮೆ ನಮಸ್ಕರಿಸಿ ಸರಸರ ಇಳಿದು ಹೋದರು. ನನ್ನನ್ನು ಖಚ್ಚರದ ಮೇಲೆ ಹೇರಲಾಯಿತು. ಎಣ್ಣೆಯ ಮೈ ಜೀನಿನ ಮೇಲೆ ನಿಲ್ಲದೆ ಜಾರುತ್ತಿದ್ದರಿಂದ, ಖಚ್ಚರದವನು ಆಲೂಗಡ್ಡೆ ಚೀಲ ಬಿಗಿಯುವ ಹಗ್ಗದಿಂದ ನನ್ನನ್ನು ಬಿಗಿದ. ಮೊಣಕಾಲು ಹತ್ತುವಾಗ ಇದ್ದದ್ದಕ್ಕಿಂತ ದಪ್ಪವಾಗಿತ್ತು.

ಬೀದರಿಗೆ, ಮೈಲೂರು ಬಡಾವಣೆಯ ನಮ್ಮ ಮನೆಗೆ ಬಂದ ಮರುದಿನ ಭಾಲ್ಕಿಯಿಂದ ಸುರೇಖಾಳ ಅಕ್ಕ ಫೋನು ಮಾಡಿದರು. ನಾನು ಹಾಸಿಗೆಯಲ್ಲಿ, ಕಾಲ ಕೆಳಗೆ ಎರಡು ದಿಂಬಿಟ್ಟುಕೊಂಡು ಕೇಳಿಸಿಕೊಳ್ಳುತ್ತಿದ್ದೆ.

"ಭಾಳ ಛಲೋ ಇತ್ತು ಅಕ್ಕಾ. ಮೈ ಹಗುರಾಗೇದ ನೋಡು... ಅವ್ರಾ? ಹೂಂ ಮತ್ತ, ಅವ್ರೂ ಬಂದಿದ್ರು. ಚಪ್ಪಲಿ ಕಾಯ್ಲಿಕ್ಕೆ ಯಾರರೇ ಬೇಕಲ್ಲ!"