ತಗ್ಗು ಮತ್ತು ಬೆಲ್‌ಬಾಟಮ್ ಪ್ಯಾಂಟು

ನಾನು ಹೇಳುವುದನ್ನು ನೀವು ನಂಬುವುದಿಲ್ಲ. ನನ್ನ ಮಾತಿನಲ್ಲಿ ಅರ್ಧ ಕಳೆದು ಕೇಳುವುದು ಮಸ್ಕಿಯಲ್ಲಿ ವಾಡಿಕೆ. ಅದಕ್ಕೇ ನಾನು ಮೊದಲೇ ಎರಡರಷ್ಟು ಹೇಳುತ್ತೇನೆ, ಕೊನೆಗೆ ಲೆಕ್ಕ ಸರಿಯಾಗುತ್ತದೆ. ಆದರೆ ಒಂದು ತಗ್ಗನ್ನು ಉಳಿಸಲು ನಾನು ಸರ್ಕಾರಕ್ಕೇ ಎದುರು ನಿಂತ ಈ ಕಥೆಯಲ್ಲಿ ದಯವಿಟ್ಟು ಏನನ್ನೂ ಕಳೆಯಬೇಡಿ.

ಸಿಂಧನೂರು ರಸ್ತೆಯಲ್ಲಿ ನಮ್ಮದೊಂದು ಪಂಕ್ಚರ್ ಅಂಗಡಿ. ಅದರ ಮುಂದೆ ಒಂದು ತಗ್ಗು. ಮಳೆಗಾಲದಲ್ಲಿ ಅದರೊಳಗೆ ಎಮ್ಮೆ ಮಲಗಿದರೆ ಕೊಂಬು ಮಾತ್ರ ಕಾಣುತ್ತದೆ. ತುರ್ವಿಹಾಳದಿಂದ ನೆಲ್ಲು ಹೇರಿಕೊಂಡು ಬರುವ ಟ್ರ್ಯಾಕ್ಟರುಗಳು ಅದರಲ್ಲಿ ಇಳಿದು ಎದ್ದರೆ ನೇರ ನಮ್ಮ ಅಂಗಡಿಗೇ. ಆ ಆದಾಯದ ಮೇಲೆಯೇ ಬರುವ ದೀಪಾವಳಿಗೆ ನನಗೆ ಬೆಲ್‌ಬಾಟಮ್ ಪ್ಯಾಂಟು ಹೊಲಿಸಲು ಅಪ್ಪ ಒಪ್ಪಿದ್ದ. ಲಿಂಗಸುಗೂರಿನ ಟೇಲರ್ ಕೆಳಗಿನ ಅಗಲ ಕೇಳಿ, "ತಮ್ಮಾ, ಇದು ಪ್ಯಾಂಟೋ ಡೇರೆನೋ?" ಅಂದಿದ್ದ.

ಅಪ್ಪ ಟ್ಯೂಬು ತರಲು ಸಿಂಧನೂರಿಗೆ ಹೋಗಿದ್ದ ದಿನವೇ ರಸ್ತೆ ಪರೀಕ್ಷೆಯ ಸಾಹೇಬರು ಕಲ್ಲು ತುಂಬಿದ ಲಾರಿ ತಂದು ನಿಲ್ಲಿಸಿದರು. ಜೊತೆಗೊಂದು ಉದ್ದನೆಯ ತೊಲೆ, ಅದರ ಬಾಲಕ್ಕೆ ಗಡಿಯಾರದಂಥದು. ಮೊದಲು ಡಾಂಬರಿನಲ್ಲಿ ಸಣ್ಣ ತೂತು ಕೊರೆದು, ಎಣ್ಣೆಯಂಥದು ಸುರಿದು, ಥರ್ಮಾಮೀಟರ್ ಇಟ್ಟರು. ಎದುರಿಗೆ ಮಿರ್ಚಿ ಕರಿಯುವ ನೀಲಮ್ಮಜ್ಜಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ರಸ್ತಾಕ್ಕ ಜ್ವರಾ ಬಂದಾವೇನ್ರಿ?"

"ಬಿಸಿ ನೋಡಾಕತ್ತೀವಿ ಅಜ್ಜಿ. ಬಿಸಿಲಿಗೆ ಡಾಂಬರ ಮೆತ್ತಗಾಗತೈತಿ."

"ಹಂಗಾದ್ರ ಅಂಗಾಲಿಗೆ ಉಳ್ಳಾಗಡ್ಡಿ ತಿಕ್ಕ್ರಿ."

ರಸ್ತೆಯ ಅಂಗಾಲು ಸಿಂಧನೂರಿನ ಕಡೆಗಿದೆಯೋ ಲಿಂಗಸುಗೂರಿನ ಕಡೆಗೋ ಎಂದು ಸಾಹೇಬರೂ ಒಂದು ಗಳಿಗೆ ಯೋಚಿಸಿದಂತೆ ಕಂಡಿತು.

ಅಗೆಯದೆ, ಒಡೆಯದೆ ರಸ್ತೆಯ ಗಟ್ಟಿತನ ತಿಳಿಯುವ ಉಪಾಯ ಇದೆಂದು ಅವರು ನನಗೆ ಹೇಳಿದರು. ಲಾರಿಯ ಹಿಂದಿನ ಜೋಡಿ ಗಾಲಿಗಳ ನಡುವೆ ತೊಲೆಯ ಮೂತಿ ಇಡಬೇಕು. ಲಾರಿ ಮುಂದೆ ಹೋದಾಗ, ಅದರ ಭಾರಕ್ಕೆ ತಗ್ಗಿದ್ದ ರಸ್ತೆ ಕೂದಲೆಳೆಯಷ್ಟು ಮೇಲೇಳುತ್ತದೆ. ಎಷ್ಟೆಂದು ಬಾಲದ ಗಡಿಯಾರದ ಮುಳ್ಳು ತೋರಿಸುತ್ತದೆ.

"ಮುಳ್ಳು ಭಾಳ ಓಡಿದ್ರರಿ?"

"ರಸ್ತಾ ಸೋತೈತಿ ಅಂತ. ಹೊಸಾ ಡಾಂಬರಕ್ಕ ಬರೀತೀವಿ."

ನನ್ನ ಪ್ಯಾಂಟು ಅಲ್ಲೇ ಕಿರಿದಾಗತೊಡಗಿತು. ಆದರೆ ನನ್ನ ತಲೆ ಸಾಮಾನ್ಯದ್ದಲ್ಲ. ಲಾರಿ ಹೋದ ಕೂಡಲೇ ರಸ್ತೆ ಏಳದಂತೆ ಒತ್ತಿ ಹಿಡಿದರಾಯಿತಲ್ಲ? ಸರ್ಕಾರ ಪುಕ್ಕಟೆ ತೂಕ ನೋಡುತ್ತಿದೆ ಎಂದು ಸುದ್ದಿ ಹಬ್ಬಿಸಿದೆ. ನೀಲಮ್ಮಜ್ಜಿ ಬಂದಳು. ತಮ್ಮ ಹೋಟೆಲಿನ ಕುರ್ಚಿಗಳೇ ಕಂಡು ಹೆದರುವಷ್ಟು ದಪ್ಪನೆಯ ಖಾಜಾ ಚಾಚಾ ಬಂದರು. ಬಸ್ಸು ಕಾಯುತ್ತಿದ್ದ ಮಂದಿ ಗಂಟುಮೂಟೆ ಸಮೇತ ಬಂದರು. ಲಾರಿ ಜರುಗಿದ್ದೇ ತಡ, ಎಲ್ಲರೂ ತೊಲೆಯ ಸುತ್ತ ನಿಂತರು. ಮುಳ್ಳು ಮೈಮೇಲೆ ದೇವರು ಬಂದಂತೆ ಕುಣಿಯಿತು.

"ಯಾಕ್ ನಿಂತೀರಿ ಎಲ್ಲಾರೂ? ಸರೀರಿ," ಅಂದರು ಸಾಹೇಬರು.

"ಮೊದ್ಲ ನಾ ಎಷ್ಟದೀನಿ ಹೇಳ್ರಿ," ಅಂದರು ಚಾಚಾ.

"ಅವನ ತೂಕ ನನ್ನ ಮ್ಯಾಗ ಹಾಕಬ್ಯಾಡ್ರಿ ಮತ್ತ," ಅಂದಳು ಅಜ್ಜಿ.

ಮತ್ತೆ ಅಳೆಯಲು ಲಾರಿ ಹಿಂದಕ್ಕೆ ಬಂತು. ಮಂದಿಯನ್ನು ತಪ್ಪಿಸಲು ಹೋಗಿ ಡ್ರೈವರ್ ಹಿಂದಿನ ಗಾಲಿಯನ್ನು ನಮ್ಮ ತಗ್ಗಿಗೇ ಇಳಿಸಿದ. ಟೈರು ಪುಸ್ಸೆಂದಿತು. ತಗ್ಗು ತನ್ನನ್ನು ತಾನೇ ಕಾಪಾಡಿಕೊಂಡಿತ್ತು.

ಅಷ್ಟರಲ್ಲಿ ಅಪ್ಪ ಕೊರಳಿಗೆ ಟ್ಯೂಬುಗಳ ಹಾರ ಹಾಕಿಕೊಂಡು ಬಸ್ಸಿಳಿದ. ನನ್ನ ಸಾಹಸವನ್ನೆಲ್ಲ ಅವನ ಕಿವಿಯಲ್ಲಿ ಉಸುರಿದೆ. ಅಪ್ಪ ನೇರ ಸಾಹೇಬರ ಬಳಿ ಹೋಗಿ, "ಇಲ್ಲಿ ಒಂದ್ ಪದರ ಜಾಸ್ತೀನ ಹಾಕಿಸ್ರಿ ಸಾಹೇಬ್ರ," ಅಂದ.

"ಅಪ್ಪಾ, ತಗ್ಗು ಹೋದ್ರ ನಮ್ಮ ಗತಿ?"

"ಲೇ ಶಾಣ್ಯಾ, ತಗ್ಗಿದ್ರ ಗಾಡಿ ಮೆಲ್ಲಕ ಬರ್ತಾವ, ಬರೇ ಪಂಕ್ಚರ್. ರಸ್ತಾ ಚಲೋ ಆದ್ರ ಹಾರಿಕೊಂತ ಬರ್ತಾವ, ಟೈರ ಸಿಡೀತಾವ. ಹೊಸಾ ಟೈರ ತಂದು ಮಾರಾಕ ಟೈರಿನ ಅಂಗಡ್ಯಾವನ ಕೂಡ ಮಾತಾಡೇ ಬಂದೀನಿ." ಆಮೇಲೆ ಲಾರಿಯತ್ತ ಕೈ ತೋರಿಸಿದ. "ಇಷ್ಟ್ ಭಾರಕ್ಕ ನಮ್ಮ ಜಾಕ್ ಏರಂಗಿಲ್ಲ. ಕಲ್ಲ ಇಳಿಸು."

"ಮತ್ತ ಅಷ್ಟೂ ತುಂಬಬೇಕು," ಅಂದರು ಸಾಹೇಬರು. "ಒಂದ್ ಕಲ್ಲೂ ಕಡಿಮಿ ಆಗಬಾರ್ದು."

ಇಳಿಸಿದೆ, ತುಂಬಿದೆ. ಲಾರಿ ಹೋದ ಮೇಲೆ ಆ ಸೋತ ರಸ್ತೆಯೂ ಕೂದಲೆಳೆಯಷ್ಟು ಮೇಲೆದ್ದಿತಂತೆ. ನನ್ನ ಬೆನ್ನು ಏಳಲಿಲ್ಲ.