ನಿಮ್ಮ ಕೈ ಕೂತೈತಿ

ಓದು ಬರಹ ಕಲಿಯದವನು ಅಂತ ಯಾರಾದರೂ ಅಂದರೆ ನನಗೆ ಬೇಜಾರಿಲ್ಲ, ಅದು ಖರೆ. ಸಾಲೆ ಅರ್ಧಕ್ಕೇ ಬಿಟ್ಟು ನೇಯಲು ಮಗ್ಗದ ಗುಂಡಿಗೆ ಇಳಿದವನು ನಾನು. ಜಿಪುಣ ಅಂದರೂ ನಕ್ಕು ಸುಮ್ಮನಾಗುತ್ತೇನೆ. ಆದರೆ ಕೂತು ಉಣ್ಣುವವನು ಅಂದರೆ ಮಾತ್ರ ಮೈ ಉರಿಯುತ್ತದೆ. ಹಾಗಂದವರು ಮನುಷ್ಯರಾಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಮೊದಲು ಅಂದದ್ದು ನನ್ನ ಕೈಗಡಿಯಾರ.

ಅದು ಅಂತಿಂಥದ್ದಲ್ಲ. ನಾರಾಯಣಪೇಟೆಯಲ್ಲಿ ಸೀರೆ ನೇಯುತ್ತಿದ್ದಾಗ ಹೊಟ್ಟೆ ಕಟ್ಟಿ ಕೊಂಡದ್ದು. ಸೆಲ್ ಬೇಡ, ಚಾವಿ ಬೇಡ; ಕೈ ಆಡಿದಷ್ಟು ತಾನೇ ನಡೆಯುತ್ತದೆ. ಮಗ್ಗದ ಮೇಲೆ ಅದು ಒಮ್ಮೆಯೂ ನಿಂತದ್ದಿಲ್ಲ. ಸೋಮವಾರ ಪೂಜೆ ಆದಮೇಲೆ ವಿಭೂತಿ ಹಚ್ಚಿ ಅದರ ಸ್ಟೀಲು ತಿಕ್ಕಿ, ರೇಷ್ಮೆ ಚಿಂದಿಯಿಂದ ಒರೆಸಿದರೆ ಮುಖ ಕಾಣಬೇಕು. ವಿಭೂತಿಗಿಂತ ಒಳ್ಳೆಯ ಪಾಲೀಶು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. "ನನ್ನ ಮುಖಾನ ಒಮ್ಮೆರ ಹಿಂಗ ನೋಡೀರೇನು?" ಅಂತ ನನ್ನ ಹೆಂಡತಿ ಈರಮ್ಮ ಕೇಳಿದ್ದುಂಟು. ನೋಡಿದ್ದೇನೆ. ತಿಕ್ಕಿಲ್ಲ, ಅಷ್ಟೇ.

ಈಗ ಮಗ್ಗ ಬಿಟ್ಟು ಮಕ್ತಲ್‌ನಲ್ಲಿ ಸೀರೆ ಅಂಗಡಿ ಹಾಕಿದ್ದೇನೆ. ಅಂದಿನಿಂದ ಗಡಿಯಾರ ಹಟ ಹಿಡಿಯಿತು. ಬೆಳಗ್ಗೆ ನೋಡಿದರೆ ನಿಂತಿರುತ್ತದೆ. ಉಟ್ಕೂರಿನ ಬೀಗರಿಗೆ ಅದನ್ನೇ ನೋಡಿ ಟೈಮು ಹೇಳಿದೆ. ಅವರು ಬಸ್ಸು ತಪ್ಪಿಸಿಕೊಂಡು ವಾಪಸು ಬಂದು ಇನ್ನೊಮ್ಮೆ ಊಟ ಮಾಡಿದರು.

ಗದ್ವಾಲ್‌ಗೆ ಒಯ್ದೆ. ಗಡಿಯಾರ ರಿಪೇರಿಯ ಮಸ್ತಾನ್ ಭಾಯಿ ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು ಸರ್ವೀಸು ಮಾಡಿದ. ಮತ್ತೆ ನಿಂತಿತು. ಮತ್ತೆ ಹೋದೆ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದ.

"ಇದರಾಗ ಏನೂ ಖರಾಬ್ ಇಲ್ರಿ ಸಾವ್ಕಾರ್ರ. ನಿಮ್ಮ ಕೈ ಕೂತೈತಿ."

"ಕೂತೈತಿ ಅಂದ್ರ?"

"ಆಡವಲ್ದು. ದಿನಾ ಏನ್ ಕೆಲಸ ಮಾಡ್ತೀರಿ?"

ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ನನ್ನ ಕಡೆ ತಿರುಗಿದರು. ದುಡಿದು ಬೊಕ್ಕೆ ಎದ್ದ ಕೈಯಿದು, ಇದಕ್ಕೆ ಈ ಪ್ರಶ್ನೆ. ನನ್ನ ದುಡಿಮೆ ಹೇಳಿದೆ: ಹೊತ್ತು ಏರುವ ಮುಂಚೆ ಗಾದಿಯ ಮೇಲೆ ಕೂಡುತ್ತೇನೆ, ಸೀರೆ ಬಿಚ್ಚಿ ತೋರಿಸಲು ಆಳಿಗೆ ಹೇಳುತ್ತೇನೆ, ಮರಿಕಲ್, ರಾಜೋಳಿಯ ವ್ಯಾಪಾರಿಗಳ ಜೊತೆ ಫೋನಿನಲ್ಲಿ ಬಾಯಿ ನೋಯುವಷ್ಟು ಮಾತಾಡುತ್ತೇನೆ.

"ಫೋನ್ ಯಾವ ಕೈಯಾಗ ಹಿಡೀತೀರಿ?"

"ಎಡಗೈಯಾಗ."

"ಗಡಿಯಾರನೂ ಅದರಾಗ. ಪಾಪ, ಮುಂಜಾನಿಂದ ನಿಮ್ಮ ಕಿವಿ ಬಾಜೂಕ ಮಲಗಿರತೈತಿ."

ಗಿರಾಕಿಗಳು ನಕ್ಕರು. ನಾನು ಗಡಿಯಾರ ಕಸಿದುಕೊಂಡು ಬಸ್ಸು ಹತ್ತಿದೆ. ಸಿಟ್ಟಿಗೆ ದಾರಿಯುದ್ದಕ್ಕೂ ಎಡಗೈ ಅಲ್ಲಾಡಿಸುತ್ತಲೇ ಬಂದೆ. ಪಕ್ಕದವನು ಎದ್ದು ಬೇರೆ ಸೀಟಿಗೆ ಹೋದ.

ಮನೆಯಲ್ಲಿ ಈರಮ್ಮ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಆ ಮಸ್ತಾನನ ಸುಳ್ಳು ಬಯಲು ಮಾಡಲೇಬೇಕು ಅನ್ನಿಸಿತು. "ತಾ ನಿನ್ನ ಕೈ. ನಿನ್ನ ಕೈಯಾಗೂ ಇದು ನಿಲ್ತೈತಿ, ನೋಡ್ತಿರು," ಅಂತ ಹಿಟ್ಟಿನ ಕೈಗೇ ಕಟ್ಟಿದೆ. ಅವಳು ರೊಟ್ಟಿ ಬಡಿದಳು, ಬಟ್ಟೆ ಒಗೆದಳು, ಅಂಗಳ ಸಾರಿಸಿದಳು.

ಅವತ್ತಿನಿಂದ ಆ ದ್ರೋಹಿ ಗಡಿಯಾರ ಅವಳ ಕೈಯಲ್ಲಿ ಒಮ್ಮೆಯೂ ನಿಂತಿಲ್ಲ.

ಸೋಮವಾರ ಮಾತ್ರ ಅದು ನನ್ನ ಕೈಗೆ ಬರುತ್ತದೆ. ಚೈನಿನ ಸಂದಿಯಲ್ಲಿ ಮೆತ್ತಿದ ಜೋಳದ ಹಿಟ್ಟು ಕೆರೆದು ತೆಗೆದು, ವಿಭೂತಿ ಹಚ್ಚಿ, ಬೆವರು ಇಳಿಯುವವರೆಗೆ ತಿಕ್ಕುತ್ತೇನೆ. ಇದು ದುಡಿಮೆ ಅಲ್ಲವೇ, ನೀವೇ ಹೇಳಿ. ಈರಮ್ಮ ಮಾತ್ರ ಬಾಗಿಲಲ್ಲಿ ನಿಂತು ಕೈ ಚಾಚುತ್ತಾಳೆ.

"ಜಲ್ದಿ ಕೊಡ್ರಿ. ನಿಮ್ಮ ಹತ್ರ ಭಾಳ ಹೊತ್ತು ಇದ್ರ ನಿಲ್ತೈತಿ."