ಕ್ಯಾಮೆರಾ ಅಂತ ಗೊತ್ತಾಗದ ಕ್ಯಾಮೆರಾಗಳು

ಜಮಖಂಡಿಯಲ್ಲಿ ನನ್ನದೊಂದು ಹಳೆಯ ಫೋಟೊ ಸ್ಟುಡಿಯೊ. ಗಡಿಯಾರ, ಲೈಟರ್, ಕಡ್ಡಿಪೆಟ್ಟಿಗೆಯ ವೇಷ ಹಾಕಿಕೊಂಡ ಹಳೆಯ ಗುಪ್ತ ಕ್ಯಾಮೆರಾಗಳನ್ನು ಕೂಡಿಹಾಕುವ ಹುಚ್ಚು ನನಗೆ. ಅಂಥವಕ್ಕೆ ಬೆಲೆ ಕಟ್ಟಿಸಲು ಜನ ಕರೆಯುತ್ತಲೇ ಇರುತ್ತಾರೆ. ಬಹಳ ಸಲ ನನ್ನ ಬೆಲೆಯೇ ಇಳಿಯುತ್ತದೆ.

೧. ಸರಿಯಾದ ಟೈಮು

ಮುಧೋಳದ ಕಬ್ಬಿನ ರೈತರೊಬ್ಬರು ಫೋನ್ ಮಾಡಿ, ತಮ್ಮ ಅಜ್ಜನ ಕಿಸೆಗಡಿಯಾರದೊಳಗೆ ಕ್ಯಾಮೆರಾ ಇದೆ ಎಂದರು. ಅಂಥದ್ದನ್ನು ಕಣ್ಣಾರೆ ನೋಡಲು ನಾನು ಇಪ್ಪತ್ತು ವರ್ಷ ಕಾದಿದ್ದೆ. ಮರುದಿನವೇ ಬಸ್ ಹತ್ತಿದೆ. ಒಳಗೆ ಕ್ಯಾಮೆರಾ ಇರುವ ಗಡಿಯಾರ ನಡೆಯುವುದಿಲ್ಲ; ಇದು ಕೈಗೆ ಕೊಟ್ಟರೆ ಟಿಕ್ ಟಿಕ್ ಅನ್ನುತ್ತಿದೆ!

"ಒಳಗಿನ ಲೆನ್ಸ್ ಎಲ್ಲೈತ್ರಿ?"

"ನೀವು ಬರ್ತೀರಂತ ನಿನ್ನೆ ರಿಪೇರಿ ಮಾಡಿಸೇನ್ರಿ. ಅದೇನೋ ಗಾಜು ಅಡ್ಡ ಕುಂತಿತ್ತಂತ, ಗಡಿಯಾರ ರಿಪೇರಿಯಾಂವ ತಗದು ಒಗದು ಹೊಸಾ ಮಶೀನ ಹಾಕ್ಯಾನ."

ನನಗೆ ಅಳುವೇ ಬಂತು. ಅವರು ನೀರು ಕೊಟ್ಟು ಸಮಾಧಾನ ಮಾಡಿದರು: "ಖರೆ ಹೇಳ್ತೇನ್ರಿ, ದಿನಕ್ಕ ಎರಡು ನಿಮಿಷ ಮುಂದ ಓಡ್ತೈತಿ. ಅದನ್ನ ಬೆಲಿಯಾಗ ಮುರಕೊಳ್ರಿ."

೨. ಗೂಡಿನ ಕಣ್ಣು

ಬೀಳಗಿಯ ಒಂದು ಮನೆಯ ಗೋಡೆಗೂಡಿನಲ್ಲಿ ಕಡ್ಡಿಪೆಟ್ಟಿಗೆಯಷ್ಟೇ ಇರುವ ಕ್ಯಾಮೆರಾ ಸಿಕ್ಕಿತು. ಇದರಿಂದ ಗುಟ್ಟಾಗಿ ಫೋಟೊ ತೆಗೆಯುತ್ತಿದ್ದರು ಎಂದು ವಿವರಿಸಿದೆ. ಆ ಮನೆಯ ಅಜ್ಜಿ ತಟ್ಟನೆ ತಲೆತುಂಬ ಸೆರಗು ಹೊದ್ದರು.

"ಯಪ್ಪಾ, ಇಷ್ಟು ವರ್ಷ ಇದರ ಮುಂದನ ತಲಿ ಬಾಚಿಕೊಂಡೇನಲ್ಲೋ!"

"ಇದರಾಗ ರೀಲ್ ಇಲ್ಲಬೇ ಯವ್ವಾ."

"ರೀಲ್ ಇಲ್ದಿದ್ರ ಏನಾತು? ಕಣ್ಣಿತ್ತಲ್ಲ!"

೩. ಒಂಬತ್ತು ಫೋಟೊ

ಬನಹಟ್ಟಿಯ ನೇಕಾರರ ಮನೆಯ ಹಿರಿಯ ಹೆಣ್ಣುಮಗಳೊಬ್ಬರು ಲೈಟರ್ ವೇಷದ ಕ್ಯಾಮೆರಾ ತಂದರು. ತೀರಿಕೊಂಡ ಗಂಡ ಸೀರೆ ಮಾರಲು ಮುಂಬೈಗೆ ಹೋದಾಗ ಕೊಂಡು ತಂದದ್ದು. ಒಳಗೆ ಅರ್ಧ ಉಳಿದ ರೀಲು. ನಾನು ಬೆಲೆಯ ಮಾತೆತ್ತಿದರೆ ಆಕೆ ಕೈಬೀಸಿದರು.

"ಮಾರಾಕ ಅಲ್ರಿ. ನಮ್ಮ ಮನ್ಯಾರದೊಂದು ಫೋಟೊ ಬೇಕಾಗೇತಿ. ಮತದಾರರ ಚೀಟಿದೊಂದ ಐತಿ, ಅದರಾಗ ಕಳ್ಳರಂಗ ಕಾಣ್ತಾರ."

ಫೋಟೊ ತೆಗೆದವರೇ ಅದರೊಳಗೆ ಹೇಗೆ ಬಂದಾರು? ಆದರೂ ರೀಲು ತೊಳೆದೆ. ಮಸುಕಾದರೂ ಒಂಬತ್ತು ಚಿತ್ರ ಬಂದವು. ಒಂಬತ್ತರಲ್ಲೂ ಕೈ ಚಾಚಿ, ಒಂದು ಕಣ್ಣು ಮುಚ್ಚಿ, ಮೀಸೆಯೊಳಗೇ ನಗುತ್ತಿರುವ ಒಬ್ಬ ಗಂಡಸು. ಮಹಾಶಯರು ಲೆನ್ಸನ್ನು ತಮ್ಮ ಕಡೆಗೇ ತಿರುಗಿಸಿ ಹಿಡಿದಿದ್ದರು!

ನನಗೆ ನಗುವೂ ಬಂತು, ಕಣ್ಣೂ ಒದ್ದೆಯಾಯಿತು. ಆಕೆ ಒಂದೊಂದನ್ನೇ ಎತ್ತಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಆ ಮೀಸೆಯ ಮೇಲೆ ಬೆರಳಾಡಿಸುತ್ತ ಅಂದರು:

"ಮಗ್ಗದ ಮುಂದ ನಿಂದರಿಸಿ ನಗು, ನಗು ಅಂತ ನನ್ನ ಜೀವಾ ತಿಂತಿದ್ರು. ನಾ ನಕ್ಕಿದ್ದೆಲ್ಲಾ ದಂಡ ಆತಲ್ರಿ!"